ಮಿಸ್ ಹೊಡೆಯುವ ಎಂಜಿನ್: ಒಂದು ರೋಗನಿದಾನದ ಇತಿಹಾಸ

(ಮಿರ್ದಿಫ್‌ನಲ್ಲಿ ನಡೆದ ಮಾಸಿಕ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪರಿಷ್ಕೃತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯ ವಿಚಾರ ಮಾತನಾಡಿ, ಊಟದ ಹೊತ್ತಿಗೆ ಸರಿಯಾಗಿ ಜಾಮೂನಿನ ಮೇಲೆ ನಿಷೇಧಾಜ್ಞೆ ಹೊರಡಿಸುತ್ತಾರೆ ಎಂಬ ಭಯ ತಮ್ಮಲ್ಲಿ ಅನೇಕರಿಗೆ ಇದ್ದೀತು. ಇಂದು ಆ ಭಯ ಬೇಡ. ನಾವಿಂದು ಹೇಳಹೊರಟಿರುವುದು ಮನುಷ್ಯನಲ್ಲದ ಒಬ್ಬ ರೋಗಿಯ ಕಥೆ. ರೋಗಿ ಒಂದು ಟನ್ನಿನ ಪಿಕಪ್. ರೋಗ, ನಮ್ಮೂರಿನ ಮೆಕ್ಯಾನಿಕರ ಮಾತಿನಲ್ಲಿ ಹೇಳುವುದಾದರೆ, 'ಮಿಸ್ ಹೊಡೆಯುವುದು'.

ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆಯ ಬದಿಯ ಈ ಮಿರ್ದಿಫ್‌ನಲ್ಲಿ ಬಾಡಿಗೆಯ ಕರಾರು ಮುಗಿದಾಗಲೆಲ್ಲ ಯಾವುದೋ ಒಂದು ಕುಟುಂಬ ಮನೆ ಬದಲಿಸುತ್ತಿರುತ್ತದೆ. ಆಗ ನಮ್ಮ ಫ್ರಿಜ್ಜು, ಮಂಚ, ದೇವರ ಪೀಠ, ಮಕ್ಕಳ ಸೈಕಲ್ಲು ಎಲ್ಲವನ್ನೂ ಹೊತ್ತು ನಡೆಯುವವರು ಪಿಕಪ್ ಚಾಲಕರು. ಅವರಲ್ಲಿ ಪುತ್ತೂರಿನ ಕಡೆಯವರೊಬ್ಬರು ನಮಗೆ ಬಹುಕಾಲದ ಪರಿಚಿತರು. ಪಾಲುದಾರಿಕೆಯಲ್ಲಿ ಕೊಂಡ ಹಳೆಯ ಪೆಟ್ರೋಲ್ ಪಿಕಪ್ಪೇ ಅವರ ಕಚೇರಿ, ಅದೇ ಅವರ ಬಂಡವಾಳ. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವರು ನಮ್ಮಲ್ಲಿಗೆ ರಕ್ತದೊತ್ತಡ ತೋರಿಸಲು ಬಂದರು. ಒತ್ತಡ ಏರಿತ್ತು. ಕಾರಣ ಕೇಳಿದಾಗ, "ಗಾಡಿ ಮಿಸ್ ಹೊಡೆಯುತ್ತದೆ ಡಾಕ್ಟ್ರೇ, ಪಿಕಪ್ಪಿಗೆ ಪಿಕಪ್ಪೇ ಇಲ್ಲ" ಎಂದರು. ಎರಡು ತಿಂಗಳಲ್ಲಿ ಮೂರು ಗ್ಯಾರೇಜುಗಳನ್ನು ಸುತ್ತಿದ್ದರು. ಇಗ್ನಿಷನ್ ಕಾಯಿಲ್ ಬದಲಾಗಿತ್ತು, ನಾಲ್ಕು ಪ್ಲಗ್‌ಗಳು ಬದಲಾಗಿದ್ದವು, ಇಂಜೆಕ್ಟರುಗಳು ಶುದ್ಧಿಯಾಗಿದ್ದವು. ಪ್ರತಿ ಸಲವೂ ಎಚ್ಚರಿಕೆಯ ದೀಪ ಆರುತ್ತಿತ್ತು, ಎರಡು ದಿನದಲ್ಲಿ ಮತ್ತೆ ಉರಿಯುತ್ತಿತ್ತು. ಖರ್ಚಾದದ್ದು ಎರಡು ಸಾವಿರ ದಿರ್ಹಾಮಿಗೂ ಮೇಲೆ. ಅದು ಊರಿನಲ್ಲಿರುವ ಮಗಳ ಕಾಲೇಜು ಶುಲ್ಕದ ಒಂದು ಕಂತು.

ಈ ರೋಗಿಯ ಚಿಕಿತ್ಸೆ ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇವೆ. ಮೂರು ಗ್ಯಾರೇಜುಗಳು ಏಕೆ ಸೋತವೆಂದು ತಿಳಿಯಬೇಕಾದರೆ ಮೊದಲು ಈ ರೋಗನಿದಾನದ ಇತಿಹಾಸವನ್ನು ನೋಡಬೇಕು.

ಕಿಡಿಯ ಹುಟ್ಟು

1860ರಲ್ಲಿ ಪ್ಯಾರಿಸಿನಲ್ಲಿ ಎಟಿಯೆನ್ ಲೆನ್ವಾರ್ ಎಂಬಾತ ಅನಿಲವನ್ನು ವಿದ್ಯುತ್ ಕಿಡಿಯಿಂದ ಹೊತ್ತಿಸಿ ನಡೆಯುವ ಎಂಜಿನ್ನನ್ನು ಲೋಕಕ್ಕೆ ತೋರಿಸಿದನು. 1876ರಲ್ಲಿ ಜರ್ಮನಿಯ ನಿಕೋಲಾಸ್ ಓಟ್ಟೊ ನಾಲ್ಕು ಹೊಡೆತಗಳ ಎಂಜಿನ್ನನ್ನು ರೂಪಿಸಿದನು: ಮಿಶ್ರಣವನ್ನು ಒಳಗೆಳೆಯುವುದು, ಒತ್ತುವುದು, ಹೊತ್ತಿಸುವುದು, ಹೊಗೆಯನ್ನು ಹೊರದೂಡುವುದು. ಇಂದು ನಮ್ಮ ಪೆಟ್ರೋಲ್ ವಾಹನಗಳಲ್ಲಿ ನಡೆಯುತ್ತಿರುವುದೂ ಇದೇ.

ಸ್ವಲ್ಪ ಲೆಕ್ಕ ಮಾಡೋಣ. ನಾಲ್ಕು ಸಿಲಿಂಡರುಗಳ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಎರಡು ಸುತ್ತಿಗೆ ಒಮ್ಮೆ ಪ್ರತಿಯೊಂದು ಸಿಲಿಂಡರಿನಲ್ಲೂ ಮಿಶ್ರಣ ಹೊತ್ತಬೇಕು. ಅಂದರೆ ಒಂದೊಂದರಲ್ಲಿ ನಿಮಿಷಕ್ಕೆ 375 ಸಲ, ಒಟ್ಟು 1500 ಸಲ, ಸೆಕೆಂಡಿಗೆ 25 ಸಲ. ನಿಮಿಷಕ್ಕೆ 72 ಸಲ ಬಡಿಯುವ ನಮ್ಮ ಹೃದಯ ಇದರ ಮುಂದೆ ಸಾವಧಾನಿಯೇ ಸರಿ. ಈ ಮಿಡಿತಗಳಲ್ಲಿ ಕೆಲವು ತಪ್ಪಿದರೆ ಎಂಜಿನ್ ನಡುಗುತ್ತದೆ, ಶಕ್ತಿ ಕುಂದುತ್ತದೆ. ಇದೇ ಮಿಸ್‌ಫೈರ್. ಮಿಶ್ರಣ ಹೊತ್ತಲು ಮೂರು ಸಂಗತಿಗಳು ಕೂಡಿಬರಬೇಕು: ಹದವಾದ ಗಾಳಿ ಮತ್ತು ಪೆಟ್ರೋಲು, ತಕ್ಕಷ್ಟು ಒತ್ತಡ, ಸಕಾಲಕ್ಕೆ ಕಿಡಿ. ಮೂರರಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವ ಲಕ್ಷಣ ಒಂದೇ. ರೋಗನಿದಾನದ ಕಷ್ಟವೆಲ್ಲ ಇಲ್ಲಿಯೇ ಇದೆ.

ಆರಂಭದ ದಿನಗಳಲ್ಲಿ ಅಪರಾಧಿ ಹೆಚ್ಚಾಗಿ ಕಿಡಿಯೇ ಆಗಿರುತ್ತಿತ್ತು. 1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜ್ ಮಹಾಶಯನ ಪತ್ನಿ ಬರ್ತಾ ಬೆಂಜ್, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು, ಗಂಡ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಕ್ರಮಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿ ಸರಿಪಡಿಸಿದಳೆಂದೂ ಪ್ರಸಿದ್ಧಿಯಿದೆ. ಹೀಗೆ ಮೋಟಾರು ಇತಿಹಾಸದ ಮೊದಲ ದೂರಪ್ರಯಾಣದಲ್ಲೇ ಇಂಧನದ ದೋಷ ಒಂದು, ಕಿಡಿಯ ದೋಷ ಒಂದು ಎದುರಾದವು. ಎರಡನ್ನೂ ಪತ್ತೆ ಹಚ್ಚಿದವಳು ಒಬ್ಬ ಗೃಹಿಣಿ ಎಂಬುದನ್ನು ಸಭೆಯಲ್ಲಿರುವ ಗಂಡಸರು ಗಮನಿಸಬೇಕೆಂದು ಪ್ರಾರ್ಥನೆ.

1902ರಲ್ಲಿ ರಾಬರ್ಟ್ ಬಾಷ್ ಸಂಸ್ಥೆಯ ಗೊಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಸಿದ್ಧಪಡಿಸಿದ ಮೇಲೆ ಕಿಡಿ ನಂಬಿಕೆಗೆ ಅರ್ಹವಾಯಿತು. ಈ ಪ್ಲಗ್ಗಿನ ವಂಶದ ಒಂದು ಕವಲು ನಮ್ಮ ಬೆಂಗಳೂರಿಗೂ ಬಂದಿತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ನಮ್ಮೆಲ್ಲರ ಬಾಯಲ್ಲಿ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಪ್ಲಗ್‌ಗಳನ್ನು ತಯಾರಿಸಿತು. 2008ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಎಂದು ಬದಲಾಯಿತು. ಆದರೂ ಮೈಕೋ ಲೇಔಟಿನ ಹೆಸರು ಹಾಗೆಯೇ ಉಳಿದಿದೆ. ನಮ್ಮ ತಂದೆಯವರ ಕಾಲದ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಮೈಕೋ ಪ್ಲಗ್ಗೂ ಒಂದು ಚೂರು ಉಪ್ಪುಕಾಗದವೂ ಸದಾ ಇರುತ್ತಿದ್ದುದು ತಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು.

ಕಿವಿ ಮತ್ತು ಕಣ್ಣಿನ ಕಾಲ

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಕಾಯಿಲ್‌ಗಳಿದ್ದವು. ಪ್ರತಿಯೊಂದರ ಮೇಲೆ ಝೇಂಕರಿಸುವ ಒಂದು ಲೋಹದ ನಾಲಗೆ. ಎಂಜಿನ್ ಮಿಸ್ ಹೊಡೆದಾಗ ಚಾಲಕನು ಒಂದೊಂದೇ ನಾಲಗೆಯನ್ನು ಬೆರಳಿನಿಂದ ಅದುಮಿ ಹಿಡಿಯುತ್ತಿದ್ದನು. ಸರಿಯಾಗಿದ್ದ ಸಿಲಿಂಡರಿನ ನಾಲಗೆಯನ್ನು ಅದುಮಿದರೆ ಎಂಜಿನ್ ಮತ್ತಷ್ಟು ಕುಂದುತ್ತದೆ. ಕೆಟ್ಟ ಸಿಲಿಂಡರಿನದನ್ನು ಅದುಮಿದರೆ ಏನೂ ವ್ಯತ್ಯಾಸವಿಲ್ಲ. ಕೆಲಸ ಮಾಡದವನು ರಜೆ ಹಾಕಿದರೆ ಕಚೇರಿಗೆ ನಷ್ಟವಿಲ್ಲವಷ್ಟೆ! ಮುಂದೆ ಡಿಸ್ಟ್ರಿಬ್ಯೂಟರ್ ಬಂದ ಮೇಲೆ ನಮ್ಮೂರಿನ ಮೆಕ್ಯಾನಿಕರು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡುತ್ತಿದ್ದುದೂ ಇದೇ ಪರೀಕ್ಷೆ.

ಎರಡನೆಯ ಉಪಕರಣ ಕಿವಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಮೆಕ್ಯಾನಿಕನನ್ನು ಕಂಡಾಗಲೆಲ್ಲ ನಮಗೆ ನಮ್ಮ ಕುಲಗುರುಗಳೇ ನೆನಪಾಗುತ್ತಾರೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಕೇಳಿದನು. ಅದೇ ಸ್ಟೆತಾಸ್ಕೋಪಿನ ಮೊದಲ ರೂಪ. ಅದಕ್ಕೂ ಮುಂಚೆ 1761ರಲ್ಲಿ ಆಸ್ಟ್ರಿಯದ ಔಯೆನ್‌ಬ್ರುಗರ್ ಎದೆಯನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುವ ಕ್ರಮವನ್ನು ಪ್ರಕಟಿಸಿದ್ದನು. ಆತ ಛತ್ರ ನಡೆಸುವವನ ಮಗ. ದ್ರಾಕ್ಷಾರಸದ ಪೀಪಾಯಿಗಳನ್ನು ತಟ್ಟಿ ಒಳಗೆಷ್ಟಿದೆಯೆಂದು ತಿಳಿಯುವುದನ್ನು ಬಾಲ್ಯದಲ್ಲಿ ಕಂಡಿದ್ದನೆಂದು ಹೇಳುತ್ತಾರೆ. ವೈದ್ಯವಿದ್ಯೆ ಕಸುಬುದಾರರಿಂದ ಕಲಿತದ್ದು ಇಂದು ನಿನ್ನೆಯ ಮಾತಲ್ಲ.

ಮೂರನೆಯದು ಕಣ್ಣು. ನಾವು ರೋಗಿಯ ನಾಲಗೆ ನೋಡುವಂತೆ ಮೆಕ್ಯಾನಿಕರು ಪ್ಲಗ್ಗಿನ ತುದಿ ನೋಡುತ್ತಾರೆ. ತಿಳಿ ಕಂದು ಬಣ್ಣ ಆರೋಗ್ಯ; ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾದ ಗುರುತು; ಎಣ್ಣೆಯ ಕಪ್ಪು ಉಂಗುರಗಳು ಸವೆದ ಗುರುತು; ಅತಿಯಾದ ಬಿಳುಪು ತಾಪ ಮಿತಿಮೀರಿದ ಗುರುತು.

ಈ ಯುಗದಲ್ಲಿ ಒಂದು ದುರಂತವೂ ನಡೆಯಿತು. ಬ್ಯಾಟರಿಯಿಂದ ಕಿಡಿ ನೀಡುವ ವ್ಯವಸ್ಥೆಯನ್ನು ಸುಧಾರಿಸಿದ ಚಾರ್ಲ್ಸ್ ಕೆಟ್ಟರಿಂಗ್‌ನ ಪ್ರಯೋಗಾಲಯದಲ್ಲಿ 1921ರಲ್ಲಿ ಥಾಮಸ್ ಮಿಡ್ಜ್‌ಲಿ, ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಬಹುದೆಂದು ಕಂಡುಹಿಡಿದನು. ಬಡಿತ ನಿಂತಿತು. ಆದರೆ ಸೀಸದ ಶೇಷ ಪ್ಲಗ್ಗಿನ ತುದಿಗೆ ಅಂಟಿ ಮಿಸ್‌ಫೈರಿಗೆ ಹೊಸ ಕಾರಣವಾಯಿತು. ಹೊಗೆಯಲ್ಲಿ ಹೊರಬಿದ್ದ ಸೀಸ ಮಕ್ಕಳ ರಕ್ತವನ್ನು ಸೇರಿತು. 1924ರಲ್ಲೇ ನ್ಯೂಜೆರ್ಸಿಯಲ್ಲಿ ಈ ಸಂಯುಕ್ತದ ವಿಷವೇರಿ ಐವರು ಕಾರ್ಮಿಕರು ಸತ್ತರೂ ಜಗತ್ತು ಎಚ್ಚರಗೊಳ್ಳಲು ದಶಕಗಳೇ ಹಿಡಿದವು. ಭಾರತದಲ್ಲಿ 2000ದ ಫೆಬ್ರವರಿಯಿಂದ, ನಾವಿರುವ ಈ ನಾಡಿನಲ್ಲಿ 2003ರ ಆರಂಭದಿಂದ ಸೀಸರಹಿತ ಪೆಟ್ರೋಲು ಬಂದಿತು. ವಾಹನಗಳಿಗೆ ಸೀಸದ ಪೆಟ್ರೋಲನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯ, 2021ರಲ್ಲಿ. ಒಂದು ಲಕ್ಷಣವನ್ನು ಅಡಗಿಸಲು ಕೊಟ್ಟ ಮದ್ದು ನೂರು ವರ್ಷ ಕಾಡಿತೆಂಬ ಈ ಪಾಠವನ್ನು ವೈದ್ಯರಾದ ನಾವು ವಿಶೇಷವಾಗಿ ನೆನಪಿಡಬೇಕು.

ಪರದೆ ಮತ್ತು ಸಂಕೇತದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಐಂತೋವನ್ ಹೃದಯದ ವಿದ್ಯುತ್ತನ್ನು ರೇಖೆಯಾಗಿ ಬರೆಯುವ ಯಂತ್ರವನ್ನು ನಿರ್ಮಿಸಿ, 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಎರಡನೆಯ ಮಹಾಯುದ್ಧದ ನಂತರ ಆಸಿಲೋಸ್ಕೋಪು ಗ್ಯಾರೇಜಿಗೂ ಬಂದು ಎಂಜಿನ್ನಿಗೂ ಇ.ಸಿ.ಜಿ. ಆರಂಭವಾಯಿತು. ಒಂದು ಸಿಲಿಂಡರಿನ ರೇಖೆ ಉಳಿದವುಗಳಿಗಿಂತ ಎತ್ತರವಾಗಿದ್ದರೆ ತಂತಿ ತುಂಡಾಗಿದೆ ಅಥವಾ ಪ್ಲಗ್ಗಿನ ಅಂತರ ಹೆಚ್ಚಿದೆ. ಗಿಡ್ಡವಾಗಿದ್ದರೆ ವಿದ್ಯುತ್ತು ಎಲ್ಲಿಯೋ ಸೋರುತ್ತಿದೆ ಎಂದು ಅರ್ಥ.

ಆದರೆ ಮಿಸ್‌ಫೈರು ಕಾನೂನಿನ ವಿಷಯವಾದದ್ದು ಬೇರೆಯೇ ಕಾರಣಕ್ಕೆ. 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ, ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ, ಕಣ್ಣು ಉರಿಸುವ ಮಂಜಿನ ಮೂಲ ಮೋಟಾರುಗಳ ಹೊಗೆ ಮತ್ತು ಪೆಟ್ರೋಲಿನ ಆವಿಯೆಂದು ತೋರಿಸಿದನು. 1975ರ ಮಾದರಿಗಳಿಂದ ಅಮೆರಿಕೆಯ ಕಾರುಗಳಿಗೆ ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಬಂದಿತು. ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲು ಈ ಕನ್ವರ್ಟರನ್ನು ಸೇರಿ ಅಲ್ಲಿ ಉರಿಯುತ್ತದೆ, ಅದರ ಒಳಭಾಗವೇ ಕರಗಬಹುದು. ಆದ್ದರಿಂದ ವಾಹನವು ತನ್ನ ಮಿಸ್‌ಫೈರನ್ನು ತಾನೇ ಗುರುತಿಸಬೇಕೆಂಬ ನಿಯಮ ಹುಟ್ಟಿತು. 1994ರಿಂದ ಹಂತ ಹಂತವಾಗಿ ಬಂದು, 1996ರ ಮಾದರಿಗಳಿಂದ ಅಮೆರಿಕೆಯ ಎಲ್ಲ ಕಾರುಗಳಿಗೂ ಕಡ್ಡಾಯವಾದ ಈ ವ್ಯವಸ್ಥೆಯ ಹೆಸರು ಓಬಿಡಿ-2.

ಅದರ ಉಪಾಯ ಸೊಗಸಾದದ್ದು. ಪ್ರತಿ ಸ್ಫೋಟವೂ ಕ್ರ್ಯಾಂಕ್ ದಂಡಕ್ಕೆ ಒಂದು ನೂಕು ಕೊಡುತ್ತದೆ. ಒಂದು ನೂಕು ತಪ್ಪಿದರೆ ದಂಡದ ವೇಗ ಆ ಕ್ಷಣಕ್ಕೆ ಕೂದಲೆಳೆಯಷ್ಟು ಇಳಿಯುತ್ತದೆ. ಹಲ್ಲುಚಕ್ರದ ಪಕ್ಕದಲ್ಲಿರುವ ಸೆನ್ಸರ್ ಇದನ್ನು ಗ್ರಹಿಸುತ್ತದೆ. ಯಾರ ಸರದಿಯಲ್ಲಿ ವೇಗ ಇಳಿಯಿತೆಂದು ನೋಡಿ ಕಂಪ್ಯೂಟರು ಸಿಲಿಂಡರನ್ನು ಗುರುತಿಸುತ್ತದೆ. ನಾವು ನಾಡಿ ಹಿಡಿದು ತಪ್ಪಿದ ಬಡಿತವನ್ನು ಎಣಿಸುವಂತೆಯೇ ಇದು. ಮೂರನೆಯ ಸಿಲಿಂಡರಾದರೆ 'ಪಿ0303' ಎಂಬ ಸಂಕೇತ. ನಿರ್ದಿಷ್ಟವಿಲ್ಲದೆ ಅಲ್ಲಲ್ಲಿ ತಪ್ಪುತ್ತಿದ್ದರೆ 'ಪಿ0300'. ದೀಪ ಒಂದೇ ಸಮನೆ ಉರಿದರೆ ಎಚ್ಚರಿಕೆ. ಮಿಣುಕಿದರೆ ಕನ್ವರ್ಟರಿಗೆ ಅಪಾಯ, ಕೂಡಲೇ ವೇಗ ತಗ್ಗಿಸಬೇಕು.

ಎಂ.ಬಿ.ಬಿ.ಎಸ್. ಮುಗಿಸಿ ನಾವು ರೆಸಿಡೆನ್ಸಿಗೆಂದು ಅಮೆರಿಕೆಗೆ ಹೋದದ್ದು ಈ ಸಂಕೇತಗಳು ಹೊಸದಾಗಿದ್ದ ದಿನಗಳಲ್ಲಿ. ಯಂತ್ರವೇ ತನ್ನ ರೋಗವನ್ನು ಹೇಳಿಕೊಳ್ಳುವುದನ್ನು ಕಂಡು ಬೆರಗಾಗಿದ್ದೆವು. ಆದರೆ ಆ ಸಂಕೇತ ಹೇಳುವುದು 'ಎಲ್ಲಿ' ಎಂಬುದನ್ನು ಮಾತ್ರ. 'ಏಕೆ' ಎಂಬುದನ್ನು ಅದು ಹೇಳುವುದಿಲ್ಲ. ಈ ವ್ಯತ್ಯಾಸವನ್ನು ನಾವು ಸರಿಯಾಗಿ ಅರಿತದ್ದು ಬಹಳ ವರ್ಷಗಳ ನಂತರ, ಇದೇ ಮಿರ್ದಿಫ್‌ನಲ್ಲಿ.

ಮಿರ್ದಿಫ್‌ನ ರೋಗಿ

ನಮ್ಮ ಚಾಲಕ ಬಂಧುವಿನ ಪಿಕಪ್ಪಿಗೆ ನಾವೇ ಒಂದು ಸಣ್ಣ ಸ್ಕ್ಯಾನರನ್ನು ಜೋಡಿಸಿದೆವು. 'ಪಿ0303' ಎಂದಿತು. ಪುಸ್ತಕದ ಕ್ರಮದಂತೆ ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದರದನ್ನು ಮೂರನೆಯದಕ್ಕೂ ಹಾಕಿಸಿದೆವು. ದೋಷ ಕಾಯಿಲಿನದಾದರೆ ಸಂಕೇತವೂ ಅದರ ಜೊತೆಗೆ ಒಂದನೆಯ ಸಿಲಿಂಡರಿಗೆ ಹೋಗಬೇಕು. ಅದು ಹೋಗಲಿಲ್ಲ. ಪ್ಲಗ್ ಬದಲಿಸಿ ಹಾಕಿದೆವು, ಆಗಲೂ ಹೋಗಲಿಲ್ಲ. ನಮಗೆ ತಿಳಿದದ್ದು ಮುಗಿದಿತ್ತು. ಆದರೂ ವೈದ್ಯರ ಅಹಂಕಾರ ಬಿಡಲಿಲ್ಲ. ಹೊಸ ಇಂಜೆಕ್ಟರ್ ಹಾಕಿಸಿರೆಂದು ಸಲಹೆ ಕೊಟ್ಟೆವು. ಇನ್ನೂ ಮುನ್ನೂರು ದಿರ್ಹಾಮು ಹೋಯಿತು, ಮಿಸ್ ಹೊಡೆಯುವುದು ಹೋಗಲಿಲ್ಲ. ಆ ದಿನ ಅವರು ಹೊರಡುವಾಗ ಒಂದು ಮಾತು ಹೇಳಿದ್ದರು: "ಎರಡು ದಿನಕ್ಕೊಮ್ಮೆ ಅರ್ಧ ಲೀಟರ್ ನೀರು ಕುಡಿಯುತ್ತದೆ ಡಾಕ್ಟ್ರೇ, ಮತ್ತೆ ಎಂತದೂ ತೊಂದರೆ ಇಲ್ಲ." ನಾವು ಕೇಳಿದೆವು, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಅವರು ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿ, ಪೇಶಾವರದ ಕಡೆಯ ಹಿರಿಯ ಮೆಕ್ಯಾನಿಕರೊಬ್ಬರಲ್ಲಿಗೆ ಹೋದರು. ಕುತೂಹಲದಿಂದ ನಾವೂ ಜೊತೆಗೆ ಹೋಗಿದ್ದೆವು. ಆ ವೃದ್ಧರು ಬಾನೆಟ್ಟನ್ನು ಎತ್ತಲೇ ಇಲ್ಲ. ಚಹಾ ತರಿಸಿ, ಚಾಲಕರನ್ನು ಎದುರಿಗೆ ಕೂರಿಸಿಕೊಂಡು, ಹಿಂದಿಯಲ್ಲಿ ಪ್ರಶ್ನೆ ಕೇಳಲಾರಂಭಿಸಿದರು. ಯಾವ ಹೊತ್ತಿನಲ್ಲಿ ಮಿಸ್ ಹೊಡೆಯುತ್ತದೆ? ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ. ಎಷ್ಟು ಹೊತ್ತು? ಒಂದೆರಡು ನಿಮಿಷ. ಆಮೇಲೆ? ಸರಿಯಾಗುತ್ತದೆ, ದೀಪ ಮಾತ್ರ ಉಳಿಯುತ್ತದೆ. ಮಧ್ಯಾಹ್ನ ಅರ್ಧ ಗಂಟೆ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ? ಏನೂ ಇಲ್ಲ. ಎಂಜಿನ್ ಎಂದಾದರೂ ಅತಿಯಾಗಿ ಕಾದಿತ್ತೇ? ಹೌದು, ಜೂನಿನಲ್ಲಿ ಒಮ್ಮೆ, ತುಂಬಿದ ಲೋಡಿನೊಂದಿಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ. ನೀರು ಕಡಿಮೆಯಾಗುತ್ತದೆಯೇ?

ಕೊನೆಯ ಪ್ರಶ್ನೆ ಬಂದಾಗ ನಾವು ತಲೆ ತಗ್ಗಿಸಿದೆವು.

ಅವರ ಊಹೆ ಹೀಗಿತ್ತು: ಜೂನಿನಲ್ಲಿ ಕಾದಾಗ ಹೆಡ್ ಗ್ಯಾಸ್ಕೆಟ್ ಮೂರನೆಯ ಸಿಲಿಂಡರಿನ ಬಳಿ ಒಂದಿಷ್ಟು ಸೋತಿದೆ. ಗಾಡಿ ನಿಲ್ಲಿಸಿದ ಮೇಲೆ ರೇಡಿಯೇಟರಿನಲ್ಲಿ ಉಳಿದ ಒತ್ತಡಕ್ಕೆ ನೀರು ರಾತ್ರಿಯಿಡೀ ಹನಿಹನಿಯಾಗಿ ಸಿಲಿಂಡರಿಗೆ ಇಳಿಯುತ್ತದೆ. ಬೆಳಿಗ್ಗೆ ಒದ್ದೆಯಾದ ಪ್ಲಗ್ ಕಿಡಿ ಕೊಡುವುದಿಲ್ಲ. ನೀರು ಆವಿಯಾಗಿ ಹೋದ ಮೇಲೆ ಎಲ್ಲವೂ ಸರಿ. ಬೇಸಿಗೆಯ ಬಿಸಿ ಗಾಳಿಯಲ್ಲಿ ಆ ಆವಿ ಕಣ್ಣಿಗೂ ಕಾಣದು. ಕೂಲೆಂಟಿನ ಬದಲು ಬರಿಯ ನೀರು ಹಾಕುತ್ತಿದ್ದುದರಿಂದ ಕೊಳವೆಯಲ್ಲಿ ಸಿಹಿ ವಾಸನೆಯೂ ಬರುತ್ತಿರಲಿಲ್ಲ.

ಪರೀಕ್ಷೆ ಎರಡು. ಮೊದಲನೆಯದು, ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಹಾಯಿಸುವುದು. ಉರಿದ ಅನಿಲ ಬೆರೆತಿದ್ದರೆ ಇಂಗಾಲದ ಡೈಆಕ್ಸೈಡಿನಿಂದ ಅದು ಹಳದಿಗೆ ತಿರುಗುತ್ತದೆ. ಇಲ್ಲಿ ತಿರುಗಿದ್ದು ಹಸಿರಿಗೆ, ಅದೂ ಸಂಶಯ ಉಳಿಯುವಷ್ಟೇ. ಎರಡನೆಯದು ನಿರ್ಣಾಯಕ. ಸಂಜೆ ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ರಾತ್ರಿ ಹಾಗೆಯೇ ಬಿಟ್ಟರು. ಬೆಳಿಗ್ಗೆ ಪ್ಲಗ್ ಕಳಚಿ, ತೆಳ್ಳನೆಯ ಕ್ಯಾಮೆರಾ ನಳಿಕೆಯನ್ನು ಒಳಗೆ ಇಳಿಸಿದರು. 1957ರಲ್ಲಿ ಹಿರ್ಷೋವಿಟ್ಜ್ ಗಾಜಿನ ಎಳೆಗಳ ನಳಿಕೆಯಿಂದ ಮನುಷ್ಯನ ಹೊಟ್ಟೆಯನ್ನು ಇಣುಕಿ ನೋಡಿದ ವಿದ್ಯೆಯ ದಾಯಾದಿಯೇ ಇದು. ಒಂದು, ಎರಡು, ನಾಲ್ಕನೆಯ ಪಿಸ್ಟನ್ನುಗಳ ಮೇಲೆ ಕಪ್ಪು ಮಸಿ. ಮೂರನೆಯದು ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಅದರ ಮೇಲೆ ನೀರಿನ ಹನಿಗಳು. ಹಬೆ ಅದನ್ನು ದಿನವೂ ತೊಳೆದಿತ್ತು.

ಹೆಡ್ ಬಿಚ್ಚಿ, ಸಮತಟ್ಟು ನೋಡಿ, ಉಜ್ಜಿಸಿ, ಹೊಸ ಗ್ಯಾಸ್ಕೆಟ್ ಹಾಕಿದರು. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಎಂಜಿನ್ ಕಾದದ್ದೇಕೆ ಎಂದು ಹುಡುಕಿ, ರೇಡಿಯೇಟರಿನ ರೆಕ್ಕೆಗಳ ನಡುವೆ ವರ್ಷಗಳ ಮರಳ ಧೂಳು ಗಟ್ಟಿಯಾಗಿದ್ದುದನ್ನು ತೋರಿಸಿ ತೊಳೆಸಿದರು. ಮಿಸ್‌ಫೈರಿಗೆ ನೀರು, ನೀರಿಗೆ ಗ್ಯಾಸ್ಕೆಟ್, ಗ್ಯಾಸ್ಕೆಟ್ಟಿಗೆ ತಾಪ, ತಾಪಕ್ಕೆ ಧೂಳು: ಇಷ್ಟು ಮೆಟ್ಟಿಲು ಇಳಿದ ಮೇಲೆ ರೋಗದ ಬುಡ ಸಿಕ್ಕಿತು. ಇನ್ನೂ ಕೆಲವು ತಿಂಗಳು ಕಳೆದಿದ್ದರೆ ಸಿಲಿಂಡರಿನಲ್ಲಿ ನೀರು ತುಂಬಿ, ಒತ್ತಲಾಗದ ಆ ನೀರಿಗೆ ಸಿಕ್ಕ ಕನೆಕ್ಟಿಂಗ್ ರಾಡ್ ಬಾಗಿ, ಎಂಜಿನ್ನೇ ಹೋಗುತ್ತಿತ್ತು. ಆಗ ಒಂದು ಕುಟುಂಬದ ಅನ್ನವೂ ಅದರ ಜೊತೆಗೆ ಹೋಗುತ್ತಿತ್ತು.

ಹೊರಡುವಾಗ ನಾವು ಆ ಹಿರಿಯರಿಗೆ, "ಇದನ್ನೆಲ್ಲ ಹೇಗೆ ಕಂಡುಹಿಡಿದಿರಿ?" ಎಂದು ಕೇಳಿದೆವು. "ಗಾಡಿ ಓಡಿಸುವವನಿಗೆ ಎಲ್ಲ ತಿಳಿದಿರುತ್ತದೆ ಸಾಹೇಬರೇ, ಅವನಿಗೆ ತಿಳಿದಿದೆ ಎಂಬುದೊಂದು ಅವನಿಗೆ ತಿಳಿದಿರುವುದಿಲ್ಲ" ಎಂದರು.

ಬಂಧುಗಳೇ, ಬೆರಳಿನಿಂದ ನಾಲಗೆ ಅದುಮುತ್ತಿದ್ದ ಕಾಲದಿಂದ ಸಂಕೇತದ ಕಾಲದವರೆಗೆ ಮನುಷ್ಯ 'ಯಾವ ಸಿಲಿಂಡರು' ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದನು. ಆ ಉತ್ತರ ಈಗ ಒಂದೇ ನಿಮಿಷದಲ್ಲಿ ಸಿಗುತ್ತದೆ. ಅಷ್ಟು ಬೇಗ ಸಿಗುವುದರಿಂದಲೇ ಉಳಿದ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ತಪ್ಪುತ್ತಿದೆಯೋ ಏನೋ. ಸ್ಕ್ಯಾನ್ ವರದಿಯನ್ನೇ ನೋಡುತ್ತ ಎದುರಿಗೆ ಕುಳಿತ ರೋಗಿಯ ಮುಖ ನೋಡದ ವೈದ್ಯರೂ, ಸಂಕೇತ ಓದಿದೊಡನೆ ಬಿಡಿಭಾಗ ಬರೆದುಕೊಡುವ ಮೆಕ್ಯಾನಿಕರೂ ಒಂದೇ ಶಾಲೆಯವರು. ನಾವೂ ಆ ಶಾಲೆಯಲ್ಲಿ ಕುಳಿತವರೇ ಎಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಕಥೆ ಹೇಳಿದೆವು. ಅಂದಿನಿಂದ ನಮ್ಮ ಕೋಣೆಗೆ ಬರುವವರನ್ನು ಕಳುಹಿಸುವ ಮುನ್ನ, "ಮತ್ತೇನಾದರೂ ಹೇಳುವುದಿದೆಯೇ?" ಎಂದು ಕೇಳಿ, ಉತ್ತರ ಬರುವ ತನಕ ಪೆನ್ನನ್ನು ಕೆಳಗಿಟ್ಟು ಕಾಯುತ್ತೇವೆ.

ಇನ್ನು ಆ ರೋಗಿಯ ಯೋಗಕ್ಷೇಮ. ತಾವೆಲ್ಲ ಈಗ ಕುಳಿತಿರುವ ಕುರ್ಚಿಗಳನ್ನು ಇಂದು ಬೆಳಿಗ್ಗೆ ಇಲ್ಲಿಗೆ ತಂದದ್ದು ಅದೇ ಪಿಕಪ್. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತಂತೆ. ಚಾಲಕ ಬಂಧು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ರಕ್ತದೊತ್ತಡವೂ ಈಗ ಇಳಿದಿದೆ. ಜಾಮೂನಿಗೆ ಇಂದು ನಮ್ಮ ಅಡ್ಡಿಯಿಲ್ಲ.